ಗೋಧಿ ಕೂಳೆಯಲ್ಲಿ ಕಾಳಗ

ಆಗಸ್ಟ್ ಕೊನೆಯ ವಾರ. ಗೋಧಿ ಕೊಯ್ಲು ಮುಗಿದು ಹೊಲದ ತುಂಬ ಕೂಳೆ ಉಳಿದಿತ್ತು. ಅದರ ಪಕ್ಕದ ತುಂಡಿನಲ್ಲಿ ಮಾತ್ರ ಹಸಿರು, ಮೆಂತ್ಯೆ ಮತ್ತು ಕೊತ್ತಂಬರಿ. ಫ್ಲೇವಿಯನ್ ಡಿಸೋಜ ಮೊಣಕಾಲೂರಿ ಮೆಂತ್ಯೆಯನ್ನು ಬೇರುಸಹಿತ ಕೀಳುತ್ತಿದ್ದ. ಎದುರು ಸಾಲಿನಲ್ಲಿ ಶಾಂತಪ್ಪ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಕಟ್ಟುತ್ತಿದ್ದ. ಬಿಸಿಲು ಏರುವ ಮುಂಚೆ ವ್ಯಾನ್ ತುಂಬಬೇಕು. ಈಸ್ಟ್ ಹ್ಯಾಮ್‌ನ ಅಂಗಡಿಯವರು ಬಾಡಿದ ಸೊಪ್ಪನ್ನು ಮುಟ್ಟುವುದಿಲ್ಲ.

ಅಪ್‌ಮಿನ್‌ಸ್ಟರ್‌ನಲ್ಲಿ ಟ್ಯೂಬ್ ಹಳಿ ಮುಗಿದರೂ ಲಂಡನ್ ಮುಗಿಯುವುದಿಲ್ಲ. ಅದರಾಚೆ ಇನ್ನೂ ಒಂದಿಷ್ಟು ಹೊಲಗಳಿವೆ. ಅಂಥ ಒಂದು ಹೊಲ ಪ್ರೆಂಟಿಸ್ ಎಂಬವನದು. ನಮ್ಮ ಜನ ತಿನ್ನುವ ಸೊಪ್ಪಿಗೆ ಗಿರಾಕಿಯಿದೆ ಎಂದು ಗೊತ್ತಾದ ಮೇಲೆ ಅವನು ಇವರಿಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ. ಕಿನ್ನಿಗೋಳಿಯ ಫ್ಲೇವಿಯನ್ ಕುವೈತ್ ಸುತ್ತಿ ಇಲ್ಲಿಗೆ ಬಂದವನು. ಅವನಿಗೂ ಹೆಂಡತಿ ಸುಜಾನ್‌ಗೂ ಹೊಲದ ಮೂಲೆಯಲ್ಲಿ ಇರಲಿಕ್ಕೆ ಪ್ರೆಂಟಿಸ್‌ನದೇ ಒಂದು ಹಳೆಯ ಮನೆ. ವರ್ಕ್ ಪರ್ಮಿಟ್ಟೂ ಅವನ ಕೈಯಲ್ಲೇ. ವಿಜಯಪುರದ ಕಡೆಯ ಶಾಂತಪ್ಪನ ಮಾತು ಬೇರೆ. ಅವನಿಗೆ ಇಲ್ಲಿನದೇ ಪಾಸ್‌ಪೋರ್ಟ್ ಇತ್ತು, ಬಾಯಿಯೂ ಇತ್ತು.

ಅವತ್ತು ಸಾಲಿನ ಕೊನೆಗೆ ಬಂದು ನಿಂತವನು ಗೋರ್ಡನ್. ವಾರವಿಡೀ ಶಾಲೆಯಲ್ಲಿ ಚರಿತ್ರೆ ಹೇಳುವ ಮೇಷ್ಟ್ರು, ಬೇಸಿಗೆಯ ಭಾನುವಾರಗಳಲ್ಲಿ ಕ್ಯಾಪ್ಟನ್. ಮುನ್ನೂರೈವತ್ತು ವರ್ಷದ ಹಿಂದಿನ ಯುದ್ಧಗಳನ್ನು ಮತ್ತೆ ಆಡಿ ತೋರಿಸುವ ಸಂಘ ಅವರದು. ಪ್ರತಿವರ್ಷ ಬ್ಯಾಂಕ್ ಹಾಲಿಡೇ ಸೋಮವಾರ ಪ್ರೆಂಟಿಸ್‌ನ ಕೂಳೆಯೇ ಅವರ ರಣಭೂಮಿ.

"ನಮ್ಮ ಆಟದಲ್ಲಿ ಪಾದ್ರಿಯಾಗುವವನಿಗೆ ಹರ್ನಿಯಾ ಆಪರೇಷನ್. ನೀನು ಕ್ಯಾಥೊಲಿಕ್ ಅಲ್ಲವೇ? ಲ್ಯಾಟಿನ್ ನಾಲ್ಕು ಸಾಲು ಬಂದರೆ ಸಾಕು," ಎಂದ ಗೋರ್ಡನ್.

ಫ್ಲೇವಿಯನ್ ಸಣ್ಣವನಿದ್ದಾಗ ಇಗರ್ಜಿಯಲ್ಲಿ ಕಲಿತ ಸಾಲುಗಳನ್ನು ತಡವರಿಸದೆ ಹೇಳಿದ. ಗೋರ್ಡನ್‌ನ ಮುಖ ಅರಳಿತು. ಅಲ್ಲೇ ನಿಂತು ಕಥೆ ಹೇಳಿದ. ಇಲ್ಲೇ ಎಲ್ಲೋ ಒಂದು ದೊಡ್ಡ ಮನೆಯಿತ್ತಂತೆ, ಕ್ಯಾಥೊಲಿಕ್ ಜಮೀನುದಾರನದು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ ಪಕ್ಕದ ಜಮೀನುದಾರ ದಂಡು ಕರೆದುಕೊಂಡು ಬಂದ. ಮನೆಯ ಬಾಗಿಲು ಒಡೆದರು, ಒಳಗಿದ್ದವರನ್ನು ಅಂಗಳಕ್ಕೆ ಎಳೆದು ಕಡಿದರು. ಅಡುಗೆಯ ಹೆಂಗಸರ ಮುಖವನ್ನು ಗುರುತು ಸಿಗದ ಹಾಗೆ ಸೀಳಿದರು. ಪಾದ್ರಿಯನ್ನು ಕೊನೆಯಲ್ಲಿ ಕಡಿಯಲು ಉಳಿಸಿಕೊಂಡರು.

"ಧರ್ಮಕ್ಕಾಗಿಯಾ?" ಎಂದ ಫ್ಲೇವಿಯನ್.

"ಬಾಯಲ್ಲಿ ಧರ್ಮ. ಪಕ್ಕದವನಿಗೆ ಬೇಕಾಗಿದ್ದದ್ದು ಗಿರಣಿ, ಗಿರಣಿಗೆ ನೀರು ತರುವ ಕಾಲುವೆ."

ಗೋರ್ಡನ್ ಹೋದ ಮೇಲೆ ಶಾಂತಪ್ಪ ಕೈ ಮುಗಿದ. "ಪಾದ್ರಿ ಅಪ್ಪಾರ, ಶರಣ್ರೀ. ಸಾಯೂದಕ್ಕ ಮುಂಚೆ ಈ ಮೆಂತೆ ಪಲ್ಲೆ ಒಂದ್ ಕಿತ್ತ್ ಮುಗಸ್ರಿ."

"ಸುಮ್ನಿರು ಮಾರಾಯ. ನಾಟಕ ಅಷ್ಟೇ."

"ನಾಟಕ ಖರೆ. ಆದ್ರ ಬಡಿಗಿ ಖರೇನ ಅದಾವಲ್ಲೋ."

ತಾಲೀಮಿನಲ್ಲಿ ಫ್ಲೇವಿಯನ್ನನ ಕೈಗೆ ಕೊಟ್ಟ ಶಿಲುಬೆ ಪ್ಲೈವುಡ್ಡಿನದು. ಕಪ್ಪು ಬಳಿದು ಮೇಲೊಂದು ಪ್ಲಾಸ್ಟಿಕ್ ಗೊಂಬೆ ಅಂಟಿಸಿದ್ದರು. ಹಕ್ಕಿ ಬೆದರಿಸಲು ಹೊಲದಲ್ಲಿ ನಿಲ್ಲಿಸಲಿಕ್ಕೂ ನಾಚಿಕೆಯಾಗುವಂಥದ್ದು. ಸಿಪಾಯಿಗಳು ಬಂದು ಅದನ್ನು ಕಿತ್ತುಕೊಳ್ಳುತ್ತಾರೆ, ನೀನು ಬೀಳುತ್ತೀ ಎಂದು ಗೋರ್ಡನ್ ಹೇಳಿಕೊಟ್ಟ. ಕಿತ್ತುಕೊಂಡು ಏನು ಮಾಡುತ್ತಾರೆಂದು ತಾಲೀಮಿನಲ್ಲಿ ತೋರಿಸಲಿಲ್ಲ. ಇದ್ದ ಶಿಲುಬೆ ಒಂದೇ, ಅದನ್ನು ಸೋಮವಾರದ ಆಟಕ್ಕೆ ಉಳಿಸಿಕೊಳ್ಳಬೇಕಿತ್ತು. ಫ್ಲೇವಿಯನ್ ಕೇಳಲೂ ಇಲ್ಲ. ಅವನ ಊರಿನಲ್ಲಿ ಈಸ್ಟರಿಗೆ ಮುಂಚಿನ ಕಪ್ಪುದಿನಗಳಲ್ಲಿ ಆಡುವ ಯೇಸುವಿನ ನಾಟಕಕ್ಕೆ ಏಣಿ, ದೀಪ, ಶಿಲುಬೆ ಎಲ್ಲ ಮನೆಮನೆಯಿಂದಲೇ ಬರುತ್ತಿದ್ದವು. ಮಾರನೆಯ ದಿನ ಬಟ್ಟೆಯಲ್ಲಿ ಸುತ್ತಿ ಆಯಾ ಮನೆಗೆ ಮುಟ್ಟಿಸುತ್ತಿದ್ದರು. ಒಂದು ಗೀರು ಬಿದ್ದರೂ ಊರೇ ಮಾತಾಡುತ್ತಿತ್ತು.

ಸೋಮವಾರ ಬೆಳಿಗ್ಗೆ ಅವನು ಮನೆಯ ಪ್ರಾರ್ಥನೆಯ ಆಲ್ತಾರಿನ ಮೇಲಿನ ಶಿಲುಬೆಯನ್ನು ಮೊಳೆಯಿಂದ ಬಿಡಿಸಿದಾಗ ಸುಜಾನ್ ಕೈ ಒರೆಸುತ್ತ ಒಳಗಿನಿಂದ ಬಂದಳು. ಬೀಟೆ ಮರದ ಶಿಲುಬೆ, ಮೇಲೆ ದಂತದ ಯೇಸು. ಅಜ್ಜ, ಅಜ್ಜಿ, ಅಪ್ಪ ಸತ್ತಾಗ ಅವರ ಕೈಯಲ್ಲಿ ಇಟ್ಟದ್ದು ಅದನ್ನೇ. "ಪರದೇಶದಲ್ಲಿ ಯಾರಾದರೂ ಸತ್ತರೆ ಬೇಕಾಗ್ತದೆ," ಎಂದು ತಾಯಿ ಅವನ ಪೆಟ್ಟಿಗೆಗೆ ಹಾಕಿದ್ದಳು.

"ಅದನ್ನು ಎಲ್ಲಿಗೆ ತಕೊಂಡು ಹೋಗ್ತೀರಿ?" ಎಂದಳು ಸುಜಾನ್.

"ಅವರದ್ದು ನೋಡ್ಲಿಕ್ಕಾಗುದಿಲ್ಲ. ಇಷ್ಟು ಜನ ಬರ್ತಾರೆ, ನಮ್ಮ ಖುರಿಸ್ ಹೇಗಿರ್ತದೆ ಅಂತ ಒಮ್ಮೆ ನೋಡ್ಲಿ."

"ಜನ ನೋಡ್ಲಿಕ್ಕೆ ಇರೂದಾ ಅದು? ಸಾಯುವವರಿಗೆ ಇರೂದು."

"ನಾನೂ ಸಾಯುವವನೇ ಅಲ್ವಾ ಇವತ್ತು?" ಎಂದು ಅವನು ನಕ್ಕ. ಅವಳು ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಗ್ಗದಾಚೆ ನೂರಾರು ಜನ. ಐಸ್‌ಕ್ರೀಮ್ ವ್ಯಾನು, ತಂದೆಯರ ಹೆಗಲ ಮೇಲೆ ಮಕ್ಕಳು. ಎರಡು ದಂಡುಗಳು ಆಳೆತ್ತರದ ಎರಡರಷ್ಟು ಉದ್ದದ ಈಟಿ ಎತ್ತಿ ಎದುರುಬದುರು ಬಂದವು. ಈಟಿಯ ಕಾಡೇ ನಡೆದು ಬಂದ ಹಾಗಿತ್ತು. ಆಮೇಲೆ ಈಟಿಗಳನ್ನು ಮೇಲಕ್ಕೆತ್ತಿ ಮೈಗೆ ಮೈ ಕೊಟ್ಟು ಗುದ್ದಿಕೊಂಡರು. ಕೊಟ್ಟಿಗೆಯಿಂದ ಒಮ್ಮೆಲೇ ಬಿಟ್ಟ ದನಗಳ ಹಾಗೆ ಉಸಿರು, ಬೆವರು, ಬೈಗುಳ. ಒಬ್ಬನ ಮೂಗು ಒಡೆದು ನಿಜವಾದ ರಕ್ತ ಬಂತು. ಅವನು ಒರೆಸಿಕೊಂಡು ಮತ್ತೆ ನುಗ್ಗಿದ. ಕೋವಿಗಳು ಬರೀ ಮದ್ದಿನವು, ಆದರೂ ಸದ್ದಿಗೆ ಎದೆ ನಡುಗುತ್ತಿತ್ತು. ಹೊಗೆ ಕೂಳೆಯ ಮೇಲೆ ಹಾಸಿಕೊಂಡಿತು. ಹಲಗೆಯಲ್ಲಿ ಮಾಡಿದ ಮನೆಯ ಬಾಗಿಲು ಮುರಿದು ಬಿತ್ತು, ಒಳಗಿನಿಂದ ಹೆಂಗಸರು ಚೀರಿದರು.

ಫ್ಲೇವಿಯನ್ ಕಪ್ಪು ನಿಲುವಂಗಿಯಲ್ಲಿ ಹೊರಗೆ ಬಂದು ಶಿಲುಬೆ ಎತ್ತಿ ಹಿಡಿದು ಲ್ಯಾಟಿನ್ ಹೇಳತೊಡಗಿದ. ಅವನಿಗೆ ನಿಜವಾಗಿಯೂ ಮೈ ಜುಮ್ಮೆಂದಿತು.

ಅವನ ಕಡೆ ಓಡಿ ಬಂದವನು ಲೆನ್. ಕಾಲುವೆಯಾಚೆಯ ಎಂಟು ಎಕರೆಯಲ್ಲಿ ಆಲೂಗಡ್ಡೆ ಬೆಳೆಯುವ ಒಂಟಿ ಮನುಷ್ಯ. ಕಳೆದ ಚಳಿಗಾಲದಲ್ಲಿ ಕೆಸರಿನಲ್ಲಿ ಹೂತ ಸೊಪ್ಪಿನ ವ್ಯಾನನ್ನು ತನ್ನ ಟ್ರ್ಯಾಕ್ಟರ್ ಕಟ್ಟಿ ಎಳೆದು ಕೊಟ್ಟವನೂ ಅವನೇ. ಈಗ ತಲೆಗೆ ಕಬ್ಬಿಣದ ಟೋಪಿ, ಕೈಯಲ್ಲಿ ಕೋವಿ. "ಪೋಪನ ನಾಯಿ!" ಎಂದು ಕೂಗಿ ಶಿಲುಬೆ ಕಿತ್ತುಕೊಂಡ. ಕಿತ್ತುಕೊಂಡವನು ಅರೆಗಳಿಗೆ ನಿಂತ. ಕೈಯಲ್ಲಿದ್ದದ್ದನ್ನು ನೋಡಿದ, ಫ್ಲೇವಿಯನ್ನನ ಮುಖ ನೋಡಿದ.

"ಒಡೆಯಿರಿ! ವಿಗ್ರಹ ಒಡೆಯಿರಿ!" ಎಂದು ಮೈಕಿನಲ್ಲಿ ಗೋರ್ಡನ್‌ನ ದನಿ. ಹಗ್ಗದಾಚೆಯ ಜನವೂ ಕೂಗಿತು. ಮಕ್ಕಳೂ ಕೂಗಿದರು.

ಲೆನ್ ಶಿಲುಬೆಯನ್ನು ನೆಲಕ್ಕೆ ಹಾಕಿ ಕೋವಿಯ ಹಿಡಿಯಿಂದ ಬಡಿದ. ಬೀಟೆ ಸೀಳಿತು. ಎರಡನೆಯ ಏಟಿಗೆ ದಂತ ಸಿಡಿಯಿತು. ಆ ಸದ್ದು ಸಣ್ಣದು, ಹಲ್ಲು ಮುರಿದ ಹಾಗೆ.

ಬೀಳಬೇಕಾಗಿದ್ದ ಪಾದ್ರಿ ಬೀಳಲಿಲ್ಲ. ಕೂಳೆಯಲ್ಲಿ ಮುರಿದು ಬಿದ್ದಿದ್ದ ಈಟಿಯ ತುಂಡೊಂದು ಅವನ ಕೈಗೆ ಹೇಗೆ ಬಂತೋ. ಮೊದಲ ಏಟು ಲೆನ್‌ನ ಮೊಣಕೈಗೆ, ಕೋವಿ ಹಾರಿ ಬಿತ್ತು. ಎರಡನೆಯದು ಪಕ್ಕೆಗೆ. ಟೋಪಿ ಉರುಳಿತು. ಲೆನ್ "ನಿಲ್ಲು, ನಿಲ್ಲು ಫಾದರ್," ಎಂದು ಕೈ ಅಡ್ಡ ತಂದ, ನಾಟಕದ ಮಾತಿನ ಹಾಗೇ ಕೇಳಿಸಿತು. ಮೂರನೆಯ ಸಲ ಫ್ಲೇವಿಯನ್ ಬೀಸಲಿಲ್ಲ, ತಿವಿದ. ಸೀಳಿದ ತುದಿ ಲೆನ್‌ನ ಎಡಗಣ್ಣಿಗೆ ಹೋಯಿತು. ಅವನು ಕೂಗಿದ ಕೂಗು ಹೊಲದ ಆ ತುದಿಗೂ ಮುಟ್ಟಿತು.

ಜನ ಚಪ್ಪಾಳೆ ತಟ್ಟಿದರು. ಪಾದ್ರಿಯೂ ತಿರುಗಿ ಬೀಳುತ್ತಾನಲ್ಲ ಎಂದು ಯಾರೋ ನಕ್ಕರು. ಬೆರಳುಗಳ ಸಂದಿಯಿಂದ ರಕ್ತ ಇಳಿದು ಲೆನ್ ಮೊಣಕಾಲ ಮೇಲೆ ಕುಸಿದ. ಫ್ಲೇವಿಯನ್ ಮತ್ತೆ ಕೋಲು ಎತ್ತಿದ್ದ. ಹಗ್ಗ ಹಾರಿ ಓಡಿ ಬಂದ ಶಾಂತಪ್ಪ ಅವನನ್ನು ಹಿಂದಿನಿಂದ ಅವುಚಿ ಹಿಡಿದ. "ಬಿಡೋ! ಸಾಯ್ತಾನ, ಬಿಡೋ ಲೇ! ನಮ್ಮ ಲೆನ್ ಅಂವ, ಕಣ್ಣ ಬಿಟ್ಟ್ ನೋಡೋ!"

ಆಗಲೇ ಅವನು ನೋಡಿದ್ದು.

ಲೆನ್ ಆಸ್ಪತ್ರೆಯಲ್ಲಿ ಪೊಲೀಸರಿಗೆ ಹೇಳಿದ್ದು ಒಂದೇ ಮಾತು: ಆಟದಲ್ಲಿ ಕೈ ತಪ್ಪಿತು. ಪೊಲೀಸರು ಅದನ್ನು ಪೂರ್ತಿ ನಂಬಲಿಲ್ಲ. ಫ್ಲೇವಿಯನ್ ಏನು ಹೇಳುತ್ತಾನೆಂದು ಕಾಯುತ್ತಿದ್ದರು.

ಅವರಿಗಿಂತ ಮುಂಚೆ ಪ್ರೆಂಟಿಸ್ ಸೊಪ್ಪು ತೊಳೆಯುವ ಶೆಡ್ಡಿಗೆ ಬಂದ. ಅವನು ಅಲ್ಲಿಗೆ ಬರುವುದೇ ಅಪರೂಪ.

"ಎಲ್ಲರೆದುರು ನಿನ್ನ ದೇವರನ್ನು ಒಡೆದ. ನಾಯಿ ಎಂದ," ಎಂದು ಮೆತ್ತಗೆ ಶುರು ಮಾಡಿದ. "ನಿನಗೆ ಜೀವಭಯವಾಯಿತು. ಇದು ಧರ್ಮದ್ವೇಷ. ಈಗಿನ ಕಾಲದಲ್ಲಿ ಯಾರೂ ಇದನ್ನು ಸಹಿಸುವುದಿಲ್ಲ. ಇಷ್ಟೇ ಹೇಳು, ವಕೀಲನನ್ನು ನಾನು ನೋಡಿಕೊಳ್ಳುತ್ತೇನೆ."

"ನಾಯಿ ಅಂದದ್ದು ನಾಟಕದ ಮಾತು. ಅದು ನಿಜವಾದ ಶಿಲುಬೆ ಅಂತ ನಾನೇ ಯಾರಿಗೂ ಹೇಳಿರಲಿಲ್ಲ, ಸರ್."

"ಅದನ್ನು ಹೇಳಬೇಕಾಗಿಲ್ಲ." ಪ್ರೆಂಟಿಸ್ ಬಾಗಿಲಲ್ಲಿ ನಿಂತ. "ಪರ್ಮಿಟ್ ಜನವರಿಗೆ ಮುಗಿಯುತ್ತದೆ ಅಲ್ಲವೇ? ಯೋಚಿಸು."

ಅವನ ಬೂಟಿನ ಸದ್ದು ದೂರವಾದ ಮೇಲೆ ಶಾಂತಪ್ಪ ನೀರಿನ ನಲ್ಲಿ ನಿಲ್ಲಿಸಿದ. "ತಿಳೀತೇನು? ಲೆನ್ನನ ಆ ಕಾಲುವಿ ಮ್ಯಾಲೆ ಎಷ್ಟ ವರ್ಷದಿಂದ ಕಣ್ಣೈತಿ ಇವಗ. ಲೆನ್ ಜೇಲಿಗೆ ಹೋದ್ರ ಎಂಟೆಕರೆ ಮಾರೂದ ಗತಿ. ಇವತ್ತ ಯೇಸುಸ್ವಾಮಿ ನೆಪ್ಪಾದ ನೋಡ್ ನಿನ್ನ ಸಾಹೇಬಗ."

"ನಾನು ಎಂತ ಮಾಡ್ಲಿ? ನಿಜ ಹೇಳಿದ್ರೆ ಜೈಲು ನನಗೆ. ಲೆನ್ ಹೇಳಿದ ಹಾಗೇ ಹೇಳಿದ್ರೆ ಮನೆ ಹೋಗ್ತದೆ. ಇವ ಹೇಳಿದ ಹಾಗೆ ಹೇಳಿದ್ರೆ..."

"ಹೇಳಿದ್ರ ಇಲ್ಲೇ ಆರಾಮಿರ್ತಿ. ಮುಂದಿನ ವರ್ಷ ಆ ಹೊಲದಾಗೂ ನೀನ ಮೆಂತೆ ಕೀಳ್ತಿ."

ಫ್ಲೇವಿಯನ್ ತೊಳೆದ ಕಟ್ಟನ್ನೇ ಮತ್ತೆ ತೊಳೆಯುತ್ತ ನಿಂತ.

ಸೆಪ್ಟೆಂಬರ್ ನಡುವಿಗೆ ಲೆನ್ ಮನೆಗೆ ಬಂದ. ಆಲೂಗಡ್ಡೆ ಬಳ್ಳಿ ಒಣಗಿ ಮಲಗಿತ್ತು, ಅಗೆಯುವವರಿರಲಿಲ್ಲ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಫ್ಲೇವಿಯನ್ ಬಟ್ಟೆ ಬದಲಿಸಿ, ಕವಲುಗುದ್ದಲಿ ಹೆಗಲಿಗೇರಿಸಿ ಕಾಲುವೆ ದಾಟಿದ. ಒಂದು ಸಾಲು ಅಗೆದು ಚೀಲ ತುಂಬುವವರೆಗೂ ಲೆನ್ ಬಾಗಿಲಲ್ಲಿ ನಿಂತು ನೋಡಿದ. ಎಡಗಣ್ಣಿನ ಮೇಲೆ ಬಿಳಿ ಪಟ್ಟಿ. ಆಮೇಲೆ ಒಳಗೆ ಹೋಗಿ ಈಟಿಯ ಅದೇ ತುಂಡನ್ನು ಹಿಡಿದುಕೊಂಡು ಬಂದ. ತುದಿ ಕಪ್ಪಾಗಿತ್ತು.

"ಪೊಲೀಸರಿಗೆ ಯಾಕೆ ಹೇಳಲಿಲ್ಲ ಗೊತ್ತೇನು, ಫಾದರ್?"

"ಇಲ್ಲ."

"ನಾನೇ ತೀರಿಸಿಕೊಳ್ಳೋಣ ಅಂತ. ನಿಂತುಕೋ."

ಫ್ಲೇವಿಯನ್ ಗುದ್ದಲಿಯನ್ನು ಮಣ್ಣಿಗೆ ಚುಚ್ಚಿ ಕೈ ಕೆಳಗೆ ಬಿಟ್ಟು ನಿಂತ. ಲೆನ್ ಎರಡೂ ಕೈಯಿಂದ ಬೀಸಿದ. ಕೋಲು ಗಾಳಿಯನ್ನು ಸೀಳಿ ಫ್ಲೇವಿಯನ್ನನ ಎದೆಯ ಮುಂದಿನಿಂದ ಹಾದುಹೋಯಿತು. ಲೆನ್ ತೂಕ ತಪ್ಪಿ ಸಾಲಿನ ಮೇಲೆ ಮುಗ್ಗರಿಸಿದ. ಎದ್ದು ಇನ್ನೊಮ್ಮೆ ಬೀಸಿದ. ಮತ್ತೆ ಗೇಣುದ್ದ ಕಡಿಮೆ. ಒಂದೇ ಕಣ್ಣಿಗೆ ದೂರ ಸಿಗುತ್ತಿರಲಿಲ್ಲ. ಅವನ ಮುಖ ಕೆಂಪಾಗಿ, ಇದ್ದ ಕಣ್ಣಿನಲ್ಲಿ ನೀರು ಬಂತು.

ಫ್ಲೇವಿಯನ್ ಒಂದು ಹೆಜ್ಜೆ ಮುಂದೆ ಬಂದ.

ಮೂರನೆಯ ಏಟು ಹೆಗಲೆಲುಬಿಗೆ ಬಿತ್ತು. ಎಲುಬು ಮುರಿದದ್ದು ಇಬ್ಬರಿಗೂ ಕೇಳಿಸಿತು. ಫ್ಲೇವಿಯನ್ ಮಂಡಿಯೂರಿದ, ಬಾಯಿಂದ ಕೂಗು ಬರಲಿಲ್ಲ, ವಾಂತಿ ಬಂತು. ಲೆನ್ ಕೋಲು ಎತ್ತಿ ಹಿಡಿದೇ ನಿಂತಿದ್ದ. ಆಮೇಲೆ ಅದನ್ನು ಕಾಲುವೆಗೆ ಎಸೆದು ಅವನೆದುರು ಮಣ್ಣಿನಲ್ಲಿ ಕೂತ.

"ಕಣ್ಣಿನದು ಮುಗಿಯಿತು," ಎಂದ ಏದುಸಿರಿನಲ್ಲಿ. ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಸೀಳಿದ ಬೀಟೆ, ದಂತದ ದೇಹ, ಒಂದು ಕೈ. "ಗೋರ್ಡನ್‌ನನ್ನು ಕಳಿಸಿ ಕೋಲನ್ನೂ ಇದನ್ನೂ ಹುಡುಕಿಸಿದೆ. ಇನ್ನೊಂದು ಕೈ ಸಿಗಲಿಲ್ಲ." ಗಂಟನ್ನು ಫ್ಲೇವಿಯನ್ನನ ಮುಂದೆ ಹಿಡಿದು ಹೇಳಿದ: "ಹಿಡಿದಾಗಲೇ ಭಾರಕ್ಕೆ ಗೊತ್ತಾಗಿತ್ತು, ಫಾದರ್. ಪ್ಲೈವುಡ್ ಅಲ್ಲ ಅಂತ. ಆದರೆ ಅಷ್ಟು ಜನ ಕೂಗುತ್ತಿದ್ದರು. ಅದು ನನ್ನ ಮೇಲಿದೆ."

ಫ್ಲೇವಿಯನ್ ಹಲ್ಲು ಕಚ್ಚಿ, ಸರಿಯಿದ್ದ ಕೈಯಿಂದ ಗಂಟು ತೆಗೆದುಕೊಂಡ. ಇರಲಿ ಬಿಡು ಎಂಬ ಮಾತು ನಾಲಿಗೆಯವರೆಗೆ ಬಂತು. ಆಡಲಿಲ್ಲ.

ಪೊಲೀಸರಿಗೆ ಅವನೂ ಹೇಳಿದ್ದು ಒಂದೇ ಮಾತು, ಆಟದಲ್ಲಿ ಕೈ ತಪ್ಪಿತು. ಪ್ರೆಂಟಿಸ್ ಬೈಯಲಿಲ್ಲ. ತಿಂಗಳ ಕೊನೆಗೆ ಮನೆ ಬಿಡಬೇಕೆಂದಷ್ಟೇ ಹೇಳಿ ಕಳಿಸಿದ.

ಶಾಂತಪ್ಪ ಸೊಪ್ಪಿನ ವ್ಯಾನಿಗೇ ಸಾಮಾನು ತುಂಬಿದ. ಈಸ್ಟ್ ಹ್ಯಾಮ್‌ನಲ್ಲಿ ಅಂಗಡಿಯೊಂದರ ಮೇಲೆ ಒಂದು ರೂಮು ಸಿಕ್ಕಿತ್ತು. ಸುಜಾನ್ ಕರವಸ್ತ್ರದ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಇದಕ್ಕೆ ಒಂದು ಕೈ ಇಲ್ಲ. ಇನ್ನು ಯಾರಾದರೂ ಸತ್ತರೆ?" ಎಂದಳು.

"ಇದನ್ನೇ ಇಡುವುದು."

ವ್ಯಾನ್ ಹೊಲದ ದಾರಿ ಹತ್ತಿತು. ಗೋಧಿ ಹೊಲಕ್ಕೆ ಆಗಲೇ ನೇಗಿಲು ಬಿದ್ದು, ಕೂಳೆ ಮಗುಚಿ ಕಪ್ಪು ಮಣ್ಣು ಮೇಲೆ ಬಂದಿತ್ತು. ಅದರ ನಡುವೆ ಲೆನ್ ಸೊಂಟ ಬಗ್ಗಿಸಿ, ಇದ್ದ ಕಣ್ಣನ್ನು ನೆಲಕ್ಕೆ ಹಚ್ಚಿ ಸಾಲಿನಿಂದ ಸಾಲಿಗೆ ನಡೆಯುತ್ತಿದ್ದ. ಅಲ್ಲಲ್ಲಿ ಬಿಳಿ ಕಲ್ಲೊಂದನ್ನು ಎತ್ತಿ ನೋಡಿ ಎಸೆಯುತ್ತಿದ್ದ. ಗೇಟಿನ ಹತ್ತಿರ ನಿಂತ ಪ್ರೆಂಟಿಸ್, ನನ್ನ ಹೊಲದಿಂದ ಹೊರಗೆ ನಡೆ, ಇಲ್ಲವಾದರೆ ಪೊಲೀಸರನ್ನು ಕರೆಸುತ್ತೇನೆ ಎಂದು ಕೂಗುತ್ತಿದ್ದ.

"ನಿಲ್ಲಸ್ಲೇನು?" ಎಂದ ಶಾಂತಪ್ಪ.

ಫ್ಲೇವಿಯನ್ ಕಟ್ಟು ಹಾಕಿದ ಹೆಗಲನ್ನು ಕಿಟಕಿಯ ಕಡೆಯಿಂದ ಈಚೆ ಸರಿಸಿಕೊಂಡ.

"ಬೇಡ ಮಾರಾಯ. ಹುಡುಕ್ಲಿ."