ಮೂಲೆ ತಿರುಗಿ ಆರು

ಕಪಾಟು ತೆರೆದು ಅಪ್ಪನ ಹಳೆಯ ಲ್ಯಾಬ್ ಕೋಟಿನ ಜೇಬಿಗೆ ಕೈಹಾಕಿದಾಗ ಮಗಳ ಮೂಗಿಗೆ ಅದೇ ವಾಸನೆ ಬಡಿಯಿತು. ಚಿಕ್ಕಂದಿನಲ್ಲಿ ಅಪ್ಪ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಿಂದ ಬಂದೊಡನೆ ಮನೆ ತುಂಬುತ್ತಿದ್ದ, ಹಣ್ಣಿಲ್ಲದ ಬಾಳೆಹಣ್ಣಿನ ವಾಸನೆ. ಅಪ್ಪ ಹೇಳಿದ್ದ ಲಕೋಟೆ ಅಲ್ಲೇ ಇತ್ತು.

"ಅದನ್ನ ಅಲ್ಲೇ ಇಡು." ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. "ಶಿಷ್ಯರು ಏನಂತಿದ್ದಾರೆ, ಕೇಳಿಸ್ತಿದೆ ತಾನೆ?"

ಹಾಲಿನಲ್ಲಿ ಯಾರೋ ಹೇಳುತ್ತಿದ್ದರು: "ಮೇಷ್ಟ್ರು ಅರ್ಧ ಮಾರ್ಕೂ ತಪ್ಪು ಹಾಕಿದವರಲ್ಲ. ನಾನು ಬರೆದ ಬೆಂಜೀನ್ ಷಟ್ಕೋನ ನೋಡಿ, 'ಇದೇನಯ್ಯಾ, ತುಳಿದ ಡಬ್ಬಿನಾ?' ಅಂದಿದ್ರು." ಒಬ್ಬರು ನಕ್ಕು, ತಟ್ಟನೆ ಕೆಮ್ಮಿದರು.

"ಆ ಕ್ಯಾಂಟೀನಿನ ಅಕ್ಕ ಬಂದಿದ್ದಾರೆ, ದೊಡ್ಡಪ್ಪ. ಅಪ್ಪನ್ನ ಒಯ್ಯೋ ಗಾಡಿ ಬರೋಕೆ ಇನ್ನು ಹತ್ತೇ ನಿಮಿಷ."

"ಅದಕ್ಕೆ? ಹೆಣ ಮುಂದಿಟ್ಕೊಂಡು ಅಪ್ಪನ ಮಾನ ಕಳೀತೀಯಾ?"

*

ಹೋದ ತಿಂಗಳು ಅಪ್ಪ ಹಾಸಿಗೆಯಲ್ಲೇ ಕೂತು ಪೆನ್ಸಿಲಿನಲ್ಲಿ ಬರೆದಿದ್ದರು: ಸಾಲಾಗಿ ಐದು ಇಂಗಾಲ, ಎರಡನೆಯದರ ಕೆಳಗೆ ಒಂದರಡಿ ಒಂದಾಗಿ ಇನ್ನೆರಡು.

"ಹೆಸರು ಹೇಳು."

"ಐದರ ಸರಪಳಿ. ಪೆಂಟೇನ್."

"ನಾನೂ ಹಾಗೇ ಅಂದ್ಕೊಂಡೆ. ಪೇಪರು ತಿದ್ದಿದ್ದು ನಿಮ್ಮಮ್ಮ ಆಸ್ಪತ್ರೇಲಿದ್ದ ವಾರ. ಹೆಸರು ಬರೋದು ಅತಿ ಉದ್ದದ ಸರಪಳಿಯಿಂದ, ಅದು ನೆಟ್ಟಗೇ ಇರಬೇಕಿಲ್ಲಮ್ಮ. ಕೆಳಗಿಂದ ಹತ್ತಿ, ಮೂಲೆ ತಿರುಗಿ ಎಣಿಸು."

ಆರು. ಹೆಕ್ಸೇನ್.

"ನನ್ನ ಕ್ಲಾಸಿನ ಒಬ್ಬ ಹುಡುಗಿ ಸರಿಯಾಗೇ ಬರೆದಿದ್ದಳು. ನಾನು ಕೆಂಪು ಗೀಟು ಎಳೆದೆ. ಎರಡು ಮಾರ್ಕಲ್ಲಿ ಫೇಲು. ಮನೆಯವರು ಓದು ಬಿಡಿಸಿದ್ರು. ನನಗೆ ಗೊತ್ತಾಗೋ ಹೊತ್ತಿಗೆ ಅವಳು ನಮ್ಮ ಕಾಲೇಜಿನ ಕ್ಯಾಂಟೀನ್ ಅಡುಗೆಗೆ ಸೇರಿದ್ದಳು. ಹೇಳೋಕೆ ಬಾಯಿ ಬರಲಿಲ್ಲ." ಅಪ್ಪ ಮಗಳ ಕೈ ಹಿಡಿದರು. "ಅವಳ ಪೇಪರು ಕೋಟಿನ ಜೇಬಲ್ಲಿ, ಲಕೋಟೆಯಲ್ಲಿದೆ. ನನ್ನನ್ನ ಎತ್ತೋ ಮುಂಚೆ ಕೊಡು. ಎಲ್ಲರ ಮುಂದೆ."

*

ಮಗಳು ದೊಡ್ಡಪ್ಪನ ಪಕ್ಕದಿಂದ ನುಸುಳಿ ಹಾಲಿಗೆ ಬಂದಳು. ಕ್ಯಾಂಟೀನಿನಾಕೆ ಚಪ್ಪಲಿಗಳ ಹತ್ತಿರ, ಬಟ್ಟೆಚೀಲ ಹಿಡಿದು ನಿಂತಿದ್ದರು.

"ಅಕ್ಕಾ, ಇದು ನಿಮ್ಮ ಉತ್ತರಪತ್ರಿಕೆ." ಲಕೋಟೆ ಮುಂದೆ ಹಿಡಿದಳು. "ನೀವು ಬರೆದದ್ದು ಸರಿ ಇತ್ತು. ತಪ್ಪು ಅಪ್ಪಂದು."

ಆಕೆ ಹಾಳೆ ಬಿಡಿಸಿದರು. ಕೆಂಪು ಗೀಟಿನ ಪಕ್ಕ ನಡುಗಿದ ಪೆನ್ಸಿಲ್ ಅಕ್ಷರ: 'ಸರಿ. ಎರಡು ಅಂಕ.' ಆಕೆಯ ಬೆರಳು ಕೆಳಗಿನಿಂದ ಹತ್ತಿತು, ಮೂಲೆ ತಿರುಗಿತು, ಆರರಲ್ಲಿ ನಿಂತಿತು.

"ನೂರು ಸಲ ಎಣಿಸಿದ್ದೆ," ಎಂದರು ಮೆಲ್ಲಗೆ. "ಕೊನೆಗೆ ನನ್ನ ಎಣಿಕೆ ಮೇಲೇ ನಂಬಿಕೆ ಹೋಯ್ತು."

ಹೊರಗೆ ಗಾಡಿಯ ಹಾರ್ನ್ ಕೇಳಿತು. ದೊಡ್ಡಪ್ಪ ಗೋಡೆ ನೋಡುತ್ತಿದ್ದರು.

ಆಕೆ ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ಚೀಲಕ್ಕಿಟ್ಟರು. ಮೇಷ್ಟ್ರ ಹತ್ತಿರ ಹೋಗಿ, ಪಾದದ ಬಳಿ ಸರಿದಿದ್ದ ಹೊದಿಕೆಯನ್ನು ಎಳೆದು ಮುಚ್ಚಿದರು. ಬಹಳ ಹೊತ್ತು ಅಲ್ಲೇ ಬಗ್ಗಿದ್ದರು.

ಆಮೇಲೆ ಮಗಳನ್ನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಚೀಲದಿಂದ ಊಟದ ಡಬ್ಬಿ ತೆಗೆದರು. ಮುಚ್ಚಳ ಬಿಚ್ಚಿ, ಚಮಚ ಸಿಕ್ಕಿಸಿ, ಅವಳ ಕೈಗಿಟ್ಟರು. ಡಬ್ಬಿ ಇನ್ನೂ ಬಿಸಿಯಿತ್ತು.