ಐದು ಇಂಚಿನ ಬಾಗು

ಸಾಗರದ ಹೊಸ ಕಟ್ಟಡದ ಮುಂದೆ ಕೆರಿಯಪ್ಪ ಯಶಸ್ವಿನಿ ಬರೆದ ಚಾವಣಿಯ ನಕ್ಷೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಚಪ್ಪಲಿ ಕಾಲಿಟ್ಟು ನಿಂತಿದ್ದ. ಗಾಳಿಗೆ ಹಾರಬಾರದಲ್ಲ, ಅದಕ್ಕೆ ಎಂಬುದು ಅವನ ಸಮಜಾಯಿಷಿ. ಎಲೆಯೂ ಅಲುಗದ ಮಧ್ಯಾಹ್ನ ಅದು. ಜೊತೆಯ ಮರಗೆಲಸದವರು ಮುಖ ತಿರುಗಿಸಿ ನಕ್ಕರು.

"ಈ ಮಾಡನ್ನ ನಿನ್ನ ಕಂಪ್ಯೂಟರಿಗೇ ಹೊದೆಸು ಮಾರಾಯ್ತಿ," ಅಂದ. "ಹಂಚು ಇದರ ಮೇಲೆ ಕೂರಾದಿಲ್ಲ."

ಕೂರುತ್ತದೆ ಎಂದು ಅವಳು ಮೂರನೆಯ ಸಲ ಹೇಳಿದಳು. ಅವನು ಬೀಡಿ ಹಚ್ಚಿದ.

ಹೊಸನಗರದ ಪೂರ್ಣೇಶನ ಹೋಟೆಲು ಸುತ್ತಲಿನವರಿಗೆಲ್ಲ ಬಾಗುಮಾಡಿನ ಹೋಟೆಲೆಂದೇ ಪರಿಚಿತ. ನೆತ್ತಿಯಿಂದ ಕಡಿದಾಗಿ ಇಳಿಯುವ ಹಂಚಿನ ಮಾಡು ಅರ್ಧಕ್ಕೆ ಬಂದಮೇಲೆ ಮನಸ್ಸು ಬದಲಾಯಿಸಿದಂತೆ ಮೆಲ್ಲಗೆ ಬಾಗಿ, ಸೂರಿನ ಹತ್ತಿರ ಹೆಚ್ಚುಕಡಿಮೆ ಮಲಗಿಬಿಡುತ್ತಿತ್ತು. ಪಾರ್ಸೆಲ್ ಚೀಲದ ಮೇಲೂ ಆ ಬಾಗೇ ಅಚ್ಚಾಗಿತ್ತು. ಸಾಗರದಲ್ಲಿ ಎರಡನೆಯ ಹೋಟೆಲು ತೆರೆಯಲು ಹೊರಟ ಪೂರ್ಣೇಶ ಅದೇ ಮಾಡು ಬೇಕೆಂದು ಹಟ ಹಿಡಿದ. ನಕ್ಷೆಯ ಕೆಲಸ ತೀರ್ಥಹಳ್ಳಿಯಲ್ಲಿ ಯಶಸ್ವಿನಿ ಕೆಲಸಕ್ಕಿದ್ದ ಕೃಷ್ಣಪ್ರಸಾದರ ಆಫೀಸಿಗೆ ಬಂತು. ಮರದ ಕೆಲಸ ಕೆರಿಯಪ್ಪನಿಗೆ ಹೋಯಿತು, ಯಾಕೆಂದರೆ ಹಳೆಯ ಮಾಡು ಕಟ್ಟಿದ್ದು ಅವನ ಅಪ್ಪ.

ಸಾಫ್ಟ್‌ವೇರಿಗೆ ಬಾಗು ಅಂದರೆ ಅಲರ್ಜಿ. ಮೇಲೆ ಮೂವತ್ತೆಂಟು ಡಿಗ್ರಿ, ಕೆಳಗೆ ಇಪ್ಪತ್ತೈದು ಎಂದು ಕೊಟ್ಟರೆ ಅದು ಎರಡು ಚಪ್ಪಟೆ ಹಾಳೆಗಳನ್ನು ತಂದು ನಡುವೆ ಮಡಿಕೆ ಹಾಕಿ ಕೈತೊಳೆದುಕೊಳ್ಳುತ್ತಿತ್ತು. ಆ ಮಡಿಕೆಯನ್ನು ಕರಗಿಸಲು ಯಶಸ್ವಿನಿಗೆ ಮೂರು ವಾರ ಹಿಡಿಯಿತು. ಬಾಗನ್ನು ಹದಿನಾಲ್ಕು ಸಣ್ಣ ಪಟ್ಟಿಗಳಾಗಿ ಒಡೆದು, ಒಂದೊಂದು ಪಟ್ಟಿಗೆ ಹಂಚಿನ ಒಂದೊಂದು ಸಾಲು ಸರಿಯಾಗಿ ಕೂರುವಂತೆ ಹೊಂದಿಸಿದ್ದಳು. ಹಳೆಯ ಹೋಟೆಲಿನ ಮಾಡಿಗೆ ನೆತ್ತಿಯಿಂದ ಸೂರಿನವರೆಗೆ ದಾರ ಎಳೆದು, ಲೇಸರ್ ಮೀಟರಿನಲ್ಲಿ ಅಡಿ ಅಡಿಗೂ ಅಳೆದು ತಂದವಳೂ ಅವಳೇ. ಊಟದ ಹಾಲ್‌ನ ನಡುಭಾಗದಲ್ಲಿ ಮಾಡು ದಾರಕ್ಕಿಂತ ಐದು ಇಂಚು ಕೆಳಗಿತ್ತು, ಅಡುಗೆಮನೆಯ ಗೋಡೆಯ ಹತ್ತಿರ ಎರಡೇ ಇಂಚು. ಹಳೆಯ ಕಾಲದ ಕೈಕೆಲಸ, ಅಷ್ಟು ಹೆಚ್ಚುಕಡಿಮೆ ಇದ್ದದ್ದೇ ಎಂದುಕೊಂಡು ಸರಾಸರಿ ಹಿಡಿದು ಮೂರೂವರೆ ಮಾಡಿದ್ದಳು.

ಆಫೀಸಿಗೆ ಸೇರಿ ನಾಲ್ಕು ವರ್ಷಗಳಾದರೂ ನಕ್ಷೆಯ ಮೂಲೆಯಲ್ಲಿ ಅವಳ ಹೆಸರು ಬಿದ್ದದ್ದು ಇದೇ ಮೊದಲು. ಸೋಮವಾರದೊಳಗೆ ಕೆರಿಯಪ್ಪ ಮರ ಕೊಯ್ಯಲು ಒಪ್ಪದಿದ್ದರೆ ಆಫೀಸಿನ ಇನ್ನೊಬ್ಬ ನಕ್ಷೆಗಾರ ಸಚಿನ್ ಬರೆದ ನೇರ ಮಾಡನ್ನೇ ಕಟ್ಟಿಸುವುದಾಗಿ ಕೃಷ್ಣಪ್ರಸಾದರು ಹೇಳಿದ್ದರು. ಆಮೇಲೆ ಅವಳಿಗೆ ಮತ್ತೆ ಸಚಿನ್ನನ ಶೌಚಾಲಯದ ನಕ್ಷೆಗಳನ್ನು ತಿದ್ದುವ ಕೆಲಸ.

ಅಪ್ಪ ಕೊಯ್ದ ಬಾಗನ್ನು ಮಗನ ಮುಖಕ್ಕೇ ಹಿಡಿಯಬೇಕೆಂದು ನಿರ್ಧರಿಸಿ ಶನಿವಾರ ಅವಳು ಹೊಸನಗರದ ಬಸ್ಸು ಹತ್ತಿದಳು. ಊಟದ ಹೊತ್ತು. ಪೂರ್ಣೇಶ ಗಲ್ಲಾದಲ್ಲಿ ಕೂತೇ ಅಟ್ಟದ ಏಣಿ ತೋರಿಸಿದ. ಬಾಳೆಎಲೆಯ ಕಟ್ಟು, ತೂತುಬಿದ್ದ ಹಂಡೆಗಳನ್ನು ದಾಟಿ ಮೊಬೈಲಿನ ಬೆಳಕು ಹಾಕಿದಳು. ಮಾಡು ಹೊರುವ ಉದ್ದನೆಯ ಮರಗಳು, ಪಕಾಸಿಗಳು, ಸಾಲಾಗಿ ಬಾಗಿದ್ದವು. ಫೋಟೋ ತೆಗೆಯಲು ಹೋದವಳ ಕೈ ನಿಂತಿತು. ಒಂದರಲ್ಲೂ ಬಾಗಿಗೆ ತಕ್ಕಂತೆ ಕೆತ್ತಿದ ಗುರುತಿಲ್ಲ. ಮರದ ನಾರು ಮರದ ಜೊತೆಯೇ ಬಗ್ಗಿತ್ತು. ಅವುಗಳನ್ನು ಹೊತ್ತ ನಡುತೊಲೆಯ ಅಡಿಯಲ್ಲಿ, ಹಿಂದೆ ಕಂಬಗಳು ಕೂತಿದ್ದ ಚೌಕದ ಗೂಡುಗಳು ಮೂರು, ಖಾಲಿ. ಮೂರನೆಯ ಪಕಾಸಿಯಲ್ಲಿ ಮೊಳದುದ್ದದ ಸೀಳು.

ಯಾರೂ ಈ ಬಾಗನ್ನು ಕಟ್ಟಿರಲಿಲ್ಲ. ಅದು ಜೋತುಬಿದ್ದದ್ದು.

ಏಣಿ ಕಿರುಗುಟ್ಟಿತು. ಅವಳು ಬಂದ ಸುದ್ದಿ ಕೆರಿಯಪ್ಪನಿಗೆ ಆಗಲೇ ಮುಟ್ಟಿತ್ತು. ಅವನ ಮನೆ ಹೋಟೆಲಿನ ಹಿಂದಿನ ಬೀದಿಯಲ್ಲೇ. ಅಟ್ಟದ ಅಂಚಿನಿಂದ ತಲೆಯಷ್ಟೇ ಎತ್ತಿ ಅವಳನ್ನೂ ಸೀಳನ್ನೂ ನೋಡಿದ.

"ಕಂಬ ತೆಗೆದವರು ಯಾರು ಕೆರಿಯಪ್ಪಣ್ಣ?"

"ಪೂರ್ಣೇಶನ ಅಪ್ಪನೇ ತೆಗೆಸಿದ್ದು. ಮೇಜು ಹಿಡಿಸಾದಿಲ್ಲ ಅಂತ. ನಮ್ಮಪ್ಪನೂ ನಾನೂ ಕೊಯ್ದ್ವಿ." ಅವನು ದನಿ ತಗ್ಗಿಸಲಿಲ್ಲ. "ಎರಡು ಮಳೆಗಾಲ ಕಳೆಯೋದ್ರೊಳಗೆ ಮಾಡು ಬಗ್ತು. ಜನ ನೋಡಿ ಚೆಂದ ಅಂದ್ರು. ನಾವು ಹೂಂ ಅಂದ್ವಿ."

ಅವನು ನಕ್ಷೆಯನ್ನು ತುಳಿದದ್ದೇಕೆಂದು ಈಗ ತಿಳಿಯಿತು. ಅಪ್ಪ ಕೊಯ್ಯದ ಬಾಗನ್ನು ಮಗ ಕೊಯ್ಯುವುದೆಲ್ಲಿಂದ? ಅಪ್ಪನ ಕೈಚಳಕದ ಹೆಸರಿನಲ್ಲೇ ಮೂವತ್ತು ವರ್ಷ ಕೆಲಸ ಹಿಡಿದವನು.

ಪೂರ್ಣೇಶನಿಗೆ ಹೇಳುತ್ತೇನೆ ಎಂದಳು.

"ಹೇಳು. ಬಿದ್ದುಹೋಗೋ ಮಾಡನ್ನ ಮೂರು ವಾರ ಕೂತು ಡಿಸೈನ್ ಮಾಡಿದ್ಲು ಅಂತ ನಾನೂ ಹೇಳ್ತೀನಿ. ನಿಮ್ಮ ಆಫೀಸಲ್ಲಿ ಆರತಿ ಎತ್ತಿ ಕರ್ಕಂತಾರೆ ನಿನ್ನ." ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. "ಬಾಯಿ ಮುಚ್ಕಂಡ್ರೆ ಸೋಮವಾರನೇ ಮರಕ್ಕೆ ಗರಗಸ ಇಡ್ತೀನಿ. ಹೆಂಗೋ ಬಗ್ಗಿಸ್ತೀನಿ. ನಿನ್ನ ಹೆಸರು ನಿಂಗೆ, ನಮ್ಮಪ್ಪನ ಹೆಸರು ನಂಗೆ."

ಹೂಂ ಅನ್ನಲು ಅವಳ ನಾಲಗೆ ಸಿದ್ಧವೇ ಇತ್ತು. ಸಾಗರದ ಮಾಡಿಗೆ ಕಂಬ ಇರುತ್ತದೆ, ಅದು ಬೀಳುವುದಿಲ್ಲ. ಇಲ್ಲಿನದು ಇಷ್ಟು ವರ್ಷ ನಿಂತಿದೆಯಲ್ಲ. ಕೆಳಗೆ ಯಾರೋ ಸಾರು ಕೇಳಿದರು. ಅಟ್ಟದ ಅಂಚಿನಾಚೆ, ಮೂರನೆಯ ಪಕಾಸಿಯ ನೇರ ಕೆಳಗಿನ ಮೇಜಿನಲ್ಲಿ ಕಾಲೇಜು ಹುಡುಗಿಯರು ನಾಲ್ವರು ಒಂದೇ ತಟ್ಟೆಗೆ ಕೈ ಹಾಕಿ ಕಿತ್ತಾಡುತ್ತಿದ್ದರು.

ಅವಳು ಅವನ ಭುಜ ತಳ್ಳಿಕೊಂಡೇ ಇಳಿದಳು.

ಅವಳು ಕಂಡದ್ದನ್ನೆಲ್ಲ ಹೇಳಿದಳು, ಪೂರ್ಣೇಶ ಕೇಳಿಸಿಕೊಂಡ. ಮುಖ ಇಂಗು ತಿಂದ ಮಂಗನಂತಾಯಿತು, ಆಮೇಲೆ ಕೆಂಪಾಯಿತು. ತನ್ನ ಅಪ್ಪ ಕಂಬ ತೆಗೆಸಿ ಜನರ ತಲೆ ಮೇಲೆ ಮಾಡು ತೂಗುಹಾಕಿದನೆಂದು ಊಟದ ಹೊತ್ತಿನಲ್ಲಿ, ಗಿರಾಕಿಗಳ ಮುಂದೆ ಹೇಳುತ್ತೀಯಾ ಎಂದು ಗುಡುಗಿದ. ಆಮೇಲೆ ಅವಳ ಹಿಂದೆಯೇ ಇಳಿದು ಬಂದಿದ್ದ ಕೆರಿಯಪ್ಪನತ್ತ ತಿರುಗಿದ. ಕೆರಿಯಪ್ಪ ತುಸುವೂ ತಡವರಿಸದೆ, ಅಪ್ಪ ಒಂದೊಂದು ಪಕಾಸಿಯನ್ನೂ ಕೈಯಾರೆ ಬಾಗಿಸಿ ಕೊಯ್ದದ್ದು, ಈ ಹುಡುಗಿಗೆ ಮರದ ಗಂಧಗಾಳಿ ಇಲ್ಲ ಎಂದ.

ಯಶಸ್ವಿನಿ ಲ್ಯಾಪ್‌ಟಾಪನ್ನು ಗಲ್ಲಾದ ಮೇಲಿಟ್ಟಳು. ತಿದ್ದುವ ಮೊದಲಿನ ಅಳತೆಗಳನ್ನು ತೆರೆದಳು.

"ನೋಡಿ ಪೂರ್ಣೇಶಣ್ಣ. ಗೋಡೆ ಹತ್ರ ಎರಡಿಂಚು. ಕಂಬ ಇದ್ದ ನಡುವಲ್ಲಿ ಐದು. ಕೈಯಾರೆ ಕೊಯ್ದಿದ್ರೆ ಎಲ್ಲಾ ಕಡೆ ಒಂದೇ ಇರ್ಬೇಕಿತ್ತು. ನಂಗೆ ಆಗ್ಲೇ ಕಂಡಿತ್ತು. ಸರಾಸರಿ ಮಾಡಿ ಮುಚ್ಚಿದೆ. ನಿಮ್ಮ ಸಾಗರದ ನಕ್ಷೆ ಪೂರ್ತಿ ತಪ್ಪು."

ಪೂರ್ಣೇಶ ಸಂಖ್ಯೆಗಳನ್ನು ನೋಡಲಿಲ್ಲ, ಮೇಲೆ ನೋಡಿದ. ತಾನೇ ಎದ್ದು ಹೋಗಿ, ನಡುವಿನ ಆರು ಮೇಜುಗಳ ಗಿರಾಕಿಗಳನ್ನು ಎಲೆ ಸಮೇತ ಗೋಡೆ ಬದಿಗೆ ಕೂರಿಸಿದ. ಫ್ಯಾನಿನ ರಿಪೇರಿ ಅಂತ ಸುಳ್ಳು ಹೇಳಿದ. ವಾಪಸ್ಸು ಬಂದು ಅವಳೆದುರೇ ಕೃಷ್ಣಪ್ರಸಾದರಿಗೆ ಫೋನು ಮಾಡಿದ: ನಿಮ್ಮ ಹುಡುಗಿ ಇನ್ನು ನನ್ನ ಕಣ್ಣಿಗೆ ಬೀಳಬಾರದು, ನೇರ ಮಾಡೇ ಸಾಕು.

ಅವಳು ಲ್ಯಾಪ್‌ಟಾಪು ಮಡಚಿದಳು. ಬಾಗಿಲಲ್ಲಿ ಕೆರಿಯಪ್ಪ ಅಡ್ಡ ನಿಂತಿದ್ದ. ಅವನ ಕಣ್ಣಲ್ಲಿ ಅವಳನ್ನು ಸೀಳುವಷ್ಟು ಸಿಟ್ಟಿತ್ತು. ಸಂಜೆಯೊಳಗೆ ಮಾಡಿನ ಕೆಳಗೆ ಮತ್ತೆ ಕಂಬ ನಿಲ್ಲಿಸದಿದ್ದರೆ ಜೈಲಿಗೆ ಕಳಿಸುವುದಾಗಿ ಪೂರ್ಣೇಶ ಅವನಿಗೂ ಹೇಳಿಯಾಗಿತ್ತು.

"ಐದಿಂಚು ಬಗ್ಗಿದ್ದು ಸರಿಯಾಗಿ ಎಲ್ಲಿ? ಹೇಳಿ ಸಾಯಿ."

ಅಡುಗೆಮನೆ ಗೋಡೆಯಿಂದ ಹನ್ನೊಂದು ಅಡಿ, ಸೂರಿನಿಂದ ಒಂಬತ್ತು ಎಂದಳು. ಅವನು ಹಾಲ್‌ನ ನಡುವೆ ಹೋಗಿ, ಕಂಬ ನಿಲ್ಲಬೇಕಾದಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಅಲ್ಲಲ್ಲ, ಅಂಗೈಯಷ್ಟು ಎಡಕ್ಕೆ ಎಂದಳು. ಅವನು ಬೈದುಕೊಂಡು ಒರೆಸಿ, ಎಡಕ್ಕೆ ಹಾಕಿದ.