ನೀವು ಹುಡುಕ್ತಿರೋ ಪುಟ

"ಎಳಿ ಅಪ್ಪ... ಇನ್ನೂ ಸ್ವಲ್ಪ ಎಳಿ... ಸಾಕು, ಸಾಕು! ನನ್ನನ್ನೂ ಸೇರಿಸಿ ಎಳ್ಕೊಂಡ್ಬಿಡ್ತೀಯಾ?"

ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಫೋನಿಂದ ದನಿ ಬರ್ತಿತ್ತು. ಇರುವೆಗೂ ಕೇಳಿಸಬಾರದು ಅನ್ನೋ ಹಾಗೆ ಸಣ್ಣಕ್ಕೆ ಇಟ್ಕೊಂಡು, ಕುರ್ಚಿಯಮ್ಮ ಅಡುಗೆಮನೆ ಮೂಲೇಲಿ ಸ್ಟೂಲ್ ಮೇಲೆ ಕೂತಿದ್ಲು. ಗಂಡ ಊಟ ಮುಗಿಸಿ ಮನೆ ಮುಂದಿನ ಕುರ್ಚಿ ರಿಪೇರಿ ಅಂಗಡೀಲಿ ಕಣ್ಣು ಮುಚ್ಚೋ ಹೊತ್ತು ಅದು. ಅವನು ಗೊರಕೆ ಹೊಡೆದ್ರೆ ಸೂರಿಗೆ ನೇತುಹಾಕಿರೋ ಕುರ್ಚಿಗಳೆಲ್ಲ ಉಯ್ಯಾಲೆ ಆಡ್ತವೆ. ಹಾಗಾಗಿ ಎದ್ದನಾ ಮಲಗಿದನಾ ಅಂತ ಇಣುಕಿ ನೋಡೋ ಕಷ್ಟ ಅವಳಿಗಿರಲಿಲ್ಲ.

ವಿಡಿಯೋದಲ್ಲಿ ಅಂಥಾ ದೊಡ್ಡದೇನೂ ಕಾಣ್ತಿರಲಿಲ್ಲ. ಒಂದು ಕುರ್ಚಿಯ ಹೊಟ್ಟೆ, ಅಪ್ಪನ ಎರಡು ಪಾದ, ಮಗಳ ಎರಡು ಕೈ, ಅರ್ಧ ಗಲ್ಲ. ಬೆತ್ತದ ಸೀಟು ಹೆಣೆಯೋಕೆ ಬೇರೆ ಕಡೆ ಒಬ್ಬರೇ ಸಾಕಂತೆ. ಈ ಮನೇಲಿ ಇಬ್ಬರು ಬೇಕು. ಒಬ್ಬರು ಪಕ್ಕದ ಸ್ಟೂಲ್ ಮೇಲೆ ಕೂತು ನೆನೆಸಿದ ಬೆತ್ತದ ಎಳೆ ಎಳೀಬೇಕು, ಇನ್ನೊಬ್ಬರು ಕುರ್ಚಿ ಕೆಳಗೆ ತೂರಿಕೊಂಡು ನೋಡ್ತಿರಬೇಕು. ಎಳೆ ಚಪ್ಪಟೆಯಾಗಿ ಕೂತಿದೆಯಾ, ತಿರುಚಿಕೊಂಡಿದೆಯಾ ಅನ್ನೋದು ಕೆಳಗಿರೋರಿಗೆ ಮಾತ್ರ ಗೊತ್ತಾಗೋದು. ಅವರು ಎಳಿ ಅಂದ್ರೆ ಎಳೀಬೇಕು, ಸಾಕು ಅಂದ್ರೆ ನಿಲ್ಲಿಸಬೇಕು. ಮೇಲಿರೋರಿಗೆ ಬಾಯಿಲ್ಲ. ಊರಿಗೆಲ್ಲ ಜೋರು ಮಾಡೋ ಅವಳ ಗಂಡ ಕುರ್ಚಿಯಪ್ಪ ಜೀವನದಲ್ಲಿ ಯಾರ ಮಾತನ್ನಾದ್ರೂ ಕೇಳಿದಾನೆ ಅಂದ್ರೆ, ಕುರ್ಚಿ ಕೆಳಗಿಂದ ಬರ್ತಿದ್ದ ಆ ಮಾತನ್ನ ಮಾತ್ರ.

ಆ ಕೆಳಗಿನ ಜಾಗ ಮಗಳದು. ಅಂಗಡಿಗೆ ವೆಬ್‌ಸೈಟ್ ಮಾಡಿ, ಅದರೊಳಗೆ ಒಂದು ಪುಟಕ್ಕೆ 'ಅಪ್ಪನ ಕೋಪ ಮತ್ತು ಒಂದು ಕುರ್ಚಿ' ಅಂತ ಹೆಸರಿಟ್ಟು ಈ ವಿಡಿಯೋ ಅಂಟಿಸಿದವಳೂ ಅವಳೇ. ಅಮ್ಮನ ಫೋನಿನ ಮೇಲೆ ಪುಟಾಣಿ ಕುರ್ಚಿಯ ಚಿತ್ರ ಕೂರಿಸಿ, "ಇದನ್ನ ಒತ್ತು, ನೆಟ್ಟಗೆ ನಮ್ಮ ಪುಟಕ್ಕೇ ಹೋಗ್ತೀಯ. ನಿನ್ನಂಥ ಫೋನ್ ಹೆಬ್ಬೆಟ್ಟಿಗೆ ಇಷ್ಟು ಸಾಕು" ಅಂತ ರೇಗಿಸಿದ್ಲು. ಆಮೇಲೆ ಒಂದು ಸಂಜೆ, ರಸ್ತೆ ತಿರುವಲ್ಲಿ ಲಾರಿ. ಮಗಳೂ ಹೋದ್ಲು, ಅವಳ ಫೋನೂ ಪುಡಿಯಾಯ್ತು. ವಿಡಿಯೋದಲ್ಲಿದ್ದ ಆ ಕುರ್ಚಿ ಅರ್ಧ ಹೆಣೆದದ್ದು ಹಾಗೇ ಅಟ್ಟ ಹತ್ತಿತು. ಅವತ್ತಿಂದ ಗಂಡ ಹೆಂಡತಿ ಮಗಳ ಸುದ್ದಿ ಎತ್ತಿಲ್ಲ. ತಾನು ಎತ್ತಿದ್ರೆ ಇವಳು ಅಳ್ತಾಳೆ ಅಂತ ಅವನು, ತಾನು ಎತ್ತಿದ್ರೆ ಅವನು ಮುರಿದುಬೀಳ್ತಾನೆ ಅಂತ ಇವಳು. ಹಂಗಾಗಿ ದಿನಾ ಮಧ್ಯಾಹ್ನ ಗೊರಕೆ ಶುರುವಾದ ಮೇಲೆ, ಆ ಪುಟಾಣಿ ಕುರ್ಚಿ ಒತ್ತೋದು.

ಕುರ್ಚಿಯಪ್ಪನ ವ್ಯಾಪಾರ ನೆಲ ಕಚ್ಚಿತ್ತು. ದೊಡ್ಡ ರಸ್ತೇಲಿ ಪ್ಲಾಸ್ಟಿಕ್ ಕುರ್ಚಿ ಅಂಗಡಿ ಬಂದಿತ್ತು, ಒಂದು ತಗೊಂಡ್ರೆ ನಾಲ್ಕು ಪುಕ್ಕಟೆ ಕೊಡ್ತಾರೇನೋ ಅನ್ನೋ ಥರ ಜನ ಮುಗಿಬೀಳ್ತಿದ್ರು. ಆಗ ಲೈಬ್ರರಿ ಹಾಲಲ್ಲಿ ಸಣ್ಣ ಅಂಗಡಿಯವರಿಗೆ ಪಾಠ ಶುರುವಾಯ್ತು, ನೆಟ್ಟಲ್ಲಿ ಹುಡುಕೋ ಜನಕ್ಕೆ ನಮ್ಮ ಅಂಗಡಿ ಮೊದಲು ಕಾಣೋ ಹಾಗೆ ಮಾಡೋದು ಹೆಂಗೆ ಅಂತ. ಇವನೂ ಹೋದ. ಮೊದಲ ದಿನ ವಾಪಸ್ ಬಂದಾಗ ಜ್ಞಾನ ಕಿವಿಯಿಂದ ಸೋರ್ತಿತ್ತು.

"ಏ ಇವಳೇ, ನಾವು ಪೂರ್ತಿ ದಡ್ಡರು ಕಣೇ."

"ನಿಮ್ಮ ಲೆಕ್ಕ ನೀವು ಹೇಳ್ಕೊಳ್ಳಿ, ನನ್ನ ಯಾಕೆ ಸೇರಿಸ್ತೀರಿ?"

"ಕೇಳು. ನಾವು 'ಬೆತ್ತದ ಕಲಾತ್ಮಕ ಹೆಣಿಗೆ' ಅಂತ ಹಾಕ್ಕೊಂಡಿದೀವಿ. ಯಾವ ಪುಣ್ಯಾತ್ಮ ಹಂಗೆ ಹುಡುಕ್ತಾನೆ? ಸೀಟು ಕಿತ್ತುಹೋಗಿ ಕೆಳಗೆ ಬಿದ್ದೋನು ಏನು ಟೈಪ್ ಮಾಡ್ತಾನೆ? 'ಕುರ್ಚಿ ಸೀಟು ಹರಿದಿದೆ, ಎಲ್ಲಿ ರಿಪೇರಿ' ಅಂತ. ಆ ಮಾತೇ ನಮ್ಮ ಪುಟದ ತಲೆ ಮೇಲಿರಬೇಕಂತೆ. ಹುಡುಕೋರ ಬಾಯಲ್ಲಿ ಏನಿದೆಯೋ ಅದು ನಮ್ಮ ಬೋರ್ಡಲ್ಲಿ ಇರಬೇಕು. ಪಾಠ ಮಾಡೋ ಹುಡುಗಿ ಎಷ್ಟು ಚೆನ್ನಾಗಿ ಹೇಳ್ತಾಳೆ ಅಂತೀಯ."

"ಬಿದ್ದೋನು ಮೊದಲು ಸೊಂಟದ ಡಾಕ್ಟರ್‌ನ ಹುಡುಕ್ತಾನೆ, ನಿಮ್ಮನ್ನಲ್ಲ" ಅಂದ್ಲು ಕುರ್ಚಿಯಮ್ಮ. ಅವನು ನಕ್ಕ. ಎಷ್ಟು ಕಾಲ ಆಗಿತ್ತೋ ಆ ನಗು ಕೇಳಿ. ಅವಳಿಗೆ ಕೈಲಿದ್ದ ತಟ್ಟೆ ಎಲ್ಲಿಡಬೇಕು ಅಂತಲೇ ತಿಳೀಲಿಲ್ಲ.

ಮುಂದಿನ ಪಾಠಕ್ಕೆ ಪಾಠದ ಹುಡುಗಿ ಒಬ್ಬೊಬ್ಬರ ವೆಬ್‌ಸೈಟಿಗೂ ರಿಪೋರ್ಟು ತೆಗೆದು ತೋರಿಸಿದ್ಲು. ಯಾರು ಬಂದ್ರು, ಯಾವ ಪುಟ ನೋಡಿದ್ರು, ಎಷ್ಟು ಹೊತ್ತು ಇದ್ರು, ಎಲ್ಲಾ ಅದರಲ್ಲಿ ಇರುತ್ತಂತೆ; ಬಂದೋರ ಹೆಸರೊಂದು ಬಿಟ್ಟು. ಕುರ್ಚಿಯಪ್ಪನ ವೆಬ್‌ಸೈಟು ಸ್ಮಶಾನ. ಒಬ್ಬರು ಮಾತ್ರ ದಿನಾ ಬರ್ತಿದ್ರು. ಇದೇ ಊರಿನೋರು, ಮಧ್ಯಾಹ್ನದ ಹೊತ್ತು, ಒಂದೇ ಪುಟಕ್ಕೆ ಬಂದು ಬಹಳ ಹೊತ್ತು ಇದ್ದು ಹೋಗೋರು.

"ಯಾವ ಪುಟ?" ಅಂತ ಕೇಳಿದ.

ಹುಡುಗಿ ಹೆಸರು ಓದಿ ಹೇಳಿದ್ಲು. ಅವನು ಕಿಟಕಿ ಕಡೆ ತಿರುಗಿದ. ಆ ಪುಟ ಅವನು ಒಂದು ಸಲಾನೂ ತೆರೆದಿರಲಿಲ್ಲ, ತೆರೆಯೋ ಧೈರ್ಯ ಅವನಿಗಿರಲಿಲ್ಲ. ಆದ್ರೆ ಮನೆಗೆ ಬರೋ ದಾರೀಲಿ ಅವನ ತಲೆ ಬೇರೆ ಕಡೆ ಓಡಿತು. ದಿನಾ ಬಂದು ಅಷ್ಟು ಹೊತ್ತು ಹೆಣಿಗೆ ನೋಡ್ತಾರೆ ಅಂದ್ರೆ ಸಾಮಾನ್ಯದವರಲ್ಲ. ಯಾರೋ ಹೋಟೆಲ್ ಮಾಲೀಕ ಇರಬೇಕು. ಮನೆಗೆ ಬರೋ ಹೊತ್ತಿಗೆ ಆ ಹೋಟೆಲಿಗೆ ಮೂರು ಮಹಡಿ ಬಂದಿತ್ತು, ಮಹಡಿ ಮಹಡೀಲಿ ಇನ್ನೂರು ಹರಿದ ಕುರ್ಚಿ.

ಅವತ್ತಿಂದ ಮಧ್ಯಾಹ್ನದ ಗೊರಕೆ ನಿಂತುಹೋಯ್ತು. ಊಟ ಆದ ಮೇಲೆ ಮೀಸೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬಾಗಿಲ ಕಡೆ ನೋಡ್ತಾ ಕೂರೋನು. ಎದುರಿನ ಕ್ಷೌರದವನು ಬಿಡ್ತಾನಾ?

"ಏನಣ್ಣ, ಮಂತ್ರಿಗಳು ಬರ್ತಾರಾ?"

"ದೊಡ್ಡ ಗಿರಾಕಿ ಬರ್ತಾರೆ. ನಿನ್ನಂಗೆ ಕೂದಲು ಎಣಿಸ್ಕೊಂಡು ಕೂರಲ್ಲ ನಾನು."

ಒಳಗೆ ಕುರ್ಚಿಯಮ್ಮ ಗೊರಕೆ ಇಲ್ಲದ ಮೌನಕ್ಕೆ ಹೆದರಿ, ಫೋನ್ ತಗೊಂಡು ಹಿತ್ತಲ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ನೋಡ್ತಿದ್ಲು. ಮುಂದೆ ಅವನು ಕಾಯ್ತಿದ್ದದ್ದು ಯಾರನ್ನ ಅಂತ ಅವಳಿಗೆ ಗೊತ್ತಿಲ್ಲ. ಹಿಂದೆ ಬಚ್ಚಲಲ್ಲಿ ಕೂತಿರೋದು ಯಾರು ಅಂತ ಅವನಿಗೆ ಗೊತ್ತಿಲ್ಲ.

ಗಿರಾಕಿ ಬರಲಿಲ್ಲ. ಇಸ್ತ್ರಿ ಅಂಗಿ ಮುದುರಿತು. ಪಾಠದ ಹುಡುಗಿ ಹತ್ರ ಹೋಗಿ ಹೇಳ್ಕೊಂಡ. ಅವಳು ಅವನ ವೆಬ್‌ಸೈಟು ತೆರೆದು ಕಾದ್ಲು. ಅದು ತೆರ್ಕೊಳ್ಳೋಷ್ಟರಲ್ಲಿ ಒಂದು ಕುರ್ಚಿ ಹೆಣೆದು ಮುಗಿಸಬಹುದಿತ್ತು.

"ನೋಡಿ ಅಂಕಲ್, ಇಷ್ಟು ನಿಧಾನ ಇದ್ರೆ ಹುಡುಕೋ ಯಂತ್ರ ನಿಮ್ಮನ್ನ ಹಿಂದಕ್ಕೆ ತಳ್ಳಿಬಿಡುತ್ತೆ. ಈ ಒಂದು ವಿಡಿಯೋ ಬಂಡೆ ಥರ ಕೂತಿದೆ. ಪುಟದ ಹೆಸರಲ್ಲೂ ರಿಪೇರಿ ಅನ್ನೋ ಮಾತಿಲ್ಲ. ದಿನಾ ಬರೋರು ಯಾರೋ ಗೊತ್ತಿಲ್ಲ, ಇಷ್ಟು ದಿನ ಆದ್ರೂ ಫೋನ್ ಮಾಡಿಲ್ಲ ಅಂದ್ರೆ ಗಿರಾಕಿ ಅಲ್ಲ. ತೆಗೆದುಬಿಡೋಣ್ವಾ?"

ಅವನಿಗೆ ಮನೆ ಅಟ್ಟ ನೆನಪಾಯ್ತು. ಅಂಗಡಿ ಹಳೇ ಬೋರ್ಡು ಇಳಿಸಿದಾಗ ಅಟ್ಟಕ್ಕೆ ಹೋಯ್ತು, ಹಳೇ ಬಾಗಿಲು ತೆಗೆದಾಗ ಅದೂ ಅಟ್ಟಕ್ಕೆ ಹೋಯ್ತು, ಆ ಕುರ್ಚೀನೂ ಅಲ್ಲೇ ಇದೆ. ಅವನ ಮನೇಲಿ ತೆಗೆದದ್ದು ಯಾವತ್ತೂ ಇಲ್ಲವಾಗಿರಲಿಲ್ಲ. ನೆಟ್ಟಿಗೂ ಒಂದು ಅಟ್ಟ ಇರುತ್ತೆ ಅಂದ್ಕೊಂಡ. ಕೇಳಬೇಕಿತ್ತು. ಕೇಳಲಿಲ್ಲ.

"ತೆಗೀರಮ್ಮ" ಅಂದ, ಕಿಟಕಿ ಕಡೆ ನೋಡ್ತಾ.

ಮಾರನೇ ದಿನ ಕುರ್ಚಿಯಮ್ಮ ಬಚ್ಚಲಲ್ಲಿ ಪುಟಾಣಿ ಕುರ್ಚಿ ಒತ್ತಿದ್ಲು. ಬಿಳೀ ಪರದೆ ಮೇಲೆ ಒಂದೇ ಸಾಲು: ನೀವು ಹುಡುಕುತ್ತಿರುವ ಪುಟ ಇಲ್ಲಿ ಇಲ್ಲ. ಕೈ ಒದ್ದೆ ಇತ್ತೇನೋ ಅಂತ ಒರೆಸ್ಕೊಂಡು ಮತ್ತೆ ಒತ್ತಿದ್ಲು. ಫೋನ್ ಆರಿಸಿ ಹಚ್ಚಿದ್ಲು. ನಾನೇ ಏನೋ ಒತ್ತಿ ಹಾಳು ಮಾಡಿದೆ ಅಂದ್ಕೊಂಡ್ಲು. ಗಂಡನ್ನ ಕೇಳಬೇಕು ಅಂದ್ರೆ ಇಷ್ಟು ದಿನ ನೋಡ್ತಿದ್ದದ್ದು ಹೇಳಬೇಕು. ಮೂಳೆಗೆ ಹಾಕಿದ ಪಟ್ಟಿ ಬಿಚ್ಚಿದ ಹಾಗೆ ಆಗುತ್ತೆ ಅವನಿಗೆ. ಬೇಡ, ಇವತ್ತು ಇಲ್ಲದ್ದು ನಾಳೆ ಬರಬಹುದು. ದಿನಾ ಹೋಗಿ ಒತ್ತೋಳು. ದಿನಾ ಅದೇ ಸಾಲು.

ಇತ್ತ ಅಂಗಡಿಗೆ ಜೀವ ಬಂತು. 'ಕುರ್ಚಿ ಸೀಟು ಹರಿದಿದೆಯಾ?' ಅನ್ನೋ ಹೊಸ ಪುಟಕ್ಕೆ ಜನ ಬರೋಕೆ ಶುರು ಮಾಡಿದ್ರು. ಫೋನು ಬಡ್ಕೊಳ್ಳೋದು. ಒಬ್ಬರು ಅಜ್ಜಿ ಕಾಲದ ಆರಾಮ ಕುರ್ಚಿ ಆಟೋದಲ್ಲಿ ಕಟ್ಟಿ ತಂದ್ರು, ಅದರ ಒಂದು ಕಾಲು ದಾರಿಯುದ್ದ ಊರಿಗೆಲ್ಲ ಟಾಟಾ ಮಾಡ್ಕೊಂಡು ಬಂದಿತ್ತು. ಕುರ್ಚಿಯಪ್ಪ ಒಬ್ಬನೇ ಮೇಲೆ ಕೂತು ಎಳೆದು, ಇಳಿದು ಬಗ್ಗಿ ನೋಡಿ, ಮತ್ತೆ ಹತ್ತಿ ಎಳೀತಿದ್ದ.

"ಸೊರಗಿದೀಯಲ್ಲೇ, ಊಟ ಮಾಡ್ತೀಯೋ ಇಲ್ವೋ?" ಅಂತ ಹೆಂಡತೀನ ಕೇಳ್ದ.

"ನಿಮ್ಮ ಗಿರಾಕಿಗಳಿಗೆ ಟೀ ಮಾಡೋದ್ರಲ್ಲೇ ಸವೆದುಹೋದೆ" ಅಂದ್ಲು. ಅವನು ಖುಷಿಯಾಗಿದ್ದ. ಅದನ್ನ ಕೆಡಿಸೋ ಮನಸ್ಸಾಗಲಿಲ್ಲ ಅವಳಿಗೆ.

ಕೊನೇ ಪಾಠದ ದಿನ ಹುಡುಗಿ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದ್ಲು.

"ಅಂಕಲ್, ಆ ಒಬ್ಬರು ಈಗಲೂ ಬರ್ತಿದಾರೆ. ಪುಟ ಇಲ್ಲ, ಆದ್ರೂ ದಿನಾ ಬರ್ತಾರೆ. ಮುಚ್ಚಿದ ಬಾಗಿಲ ಮುಂದೆ ಬಂದು ನಿಂತು ಹೋಗೋ ಥರ. ಒಂದು ಬೋರ್ಡು ಹಾಕಿಬಿಡಿ, ಏನು ಬೇಕಿತ್ತು ಅಂತ ಕೇಳಿ. ಅವರು ಬರೆದ್ರೆ ನಿಮ್ಮ ಫೋನಿಗೇ ಬರೋ ಹಾಗೆ ಮಾಡ್ತೀನಿ."

ಕುರ್ಚಿಯಪ್ಪ ಫೋನ್ ಕೈಗೆ ತಗೊಂಡ. ಇಷ್ಟು ದಿನ ಮೂರು ಮಹಡಿ ಹೋಟೆಲ್ ಇದ್ದ ಜಾಗದಲ್ಲಿ ಈಗ ಬರೀ ಒಂದು ಜೀವ ನಿಂತಿತ್ತು. ಪಾಪ, ಏನು ಹುಡುಕ್ತಿದಾರೋ. ಹಾಲಿನ ಹಿಂದಿನ ಬೆಂಚಲ್ಲಿ ಕೂತು, ಎಲ್ಲರೂ ಎದ್ದುಹೋದ ಮೇಲೂ ಒಂದೊಂದೇ ಅಕ್ಷರ ಕುಟ್ಟಿದ.

ಬಚ್ಚಲಲ್ಲಿ ಕುರ್ಚಿಯಮ್ಮ ಓದಿದ್ದು ಅದನ್ನ.

"ನಮಸ್ಕಾರ. ನೀವು ಹುಡುಕ್ತಿರೋ ಪುಟ ನಾನೇ ತೆಗೆಸಿದೆ. ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ. ದಿನಾ ಬರ್ತೀರಿ ಅಂತ ಗೊತ್ತು. ಏನು ಬೇಕಿತ್ತು ಅಂತ ಕೆಳಗೆ ಬರೀರಿ. ನನ್ನ ಕೈಲಾದ್ರೆ ಮಾಡಿಕೊಡ್ತೀನಿ. ಕುರ್ಚಿ ಅಂಗಡಿ."

ಮೊದಲು ಓದಿದಾಗ ಸಿಟ್ಟು ಬಂತು, ಫೋನನ್ನ ನೀರಿನ ಬಕೆಟ್ಟಿಗೆ ಹಾಕಬೇಕು ಅನ್ನೋಷ್ಟು. ನಾನೇ ತೆಗೆಸಿದೆ! ಎರಡನೇ ಸಲ ಓದಿದಾಗ ಆ ಕೊನೇ ಮಾತಿನ ಹತ್ರ ಕಣ್ಣು ನಿಂತುಹೋಯ್ತು. ಮಾಡಿಕೊಡ್ತೀನಂತೆ. ಮದುವೆಯಾದಾಗಿಂದ ಅವಳನ್ನ ಅವನು ಇಷ್ಟು ಮೆತ್ತಗೆ ಏನನ್ನೂ ಕೇಳಿರಲಿಲ್ಲ. ಹೆಬ್ಬೆಟ್ಟಲ್ಲಿ ಹುಡುಕಿ ಹುಡುಕಿ ಒತ್ತಿದ್ಲು.

ಅಂಗಡೀಲಿ ಗೂಟಕ್ಕೆ ಬಡೀತಿದ್ದ ಸುತ್ತಿಗೆ ಸದ್ದು ಅವಳಿಗೆ ಕೇಳಿಸ್ತಿತ್ತು. ಟಕ್, ಟಕ್. ಅವನ ಫೋನು ಗುಂಯ್ ಅಂತು. ಟಕ್. ಆಮೇಲೆ ಏನೂ ಇಲ್ಲ.

ಅವನ ಫೋನಲ್ಲಿ ಬಂದಿದ್ದದ್ದು ಇಷ್ಟೇ: "ಎಳಿ ಅಪ್ಪ ಅನ್ನೋದು ಬೇಕಿತ್ತು."

ಅವನು ಅಡುಗೆಮನೆ ದಾಟಿ ಬಚ್ಚಲ ಬಾಗಿಲ ಹತ್ರ ಬಂದು ನಿಂತ. ಬಾಗಿಲು ತಟ್ಟಲಿಲ್ಲ.

"ನಿನ್ನ ಫೋನಲ್ಲಿ ಆ ವಿಡಿಯೋ ಇನ್ನೊಂದು ಇದೆ ಅಲ್ವೇನೇ?"

"ಇಲ್ಲ."

"ಅವಳ ಫೋನಲ್ಲಿ..." ಅಂದ, ಅಂದವನಿಗೇ ಅದು ಪುಡಿಯಾದದ್ದು ನೆನಪಾಯ್ತು. ಅಲ್ಲೇ ನಿಂತು ಪಾಠದ ಹುಡುಗಿಗೆ ಫೋನ್ ಹಚ್ಚಿದ. ಒಳಗಿಂದ ಇವಳಿಗೆ ಅವನ ಮಾತು ಮಾತ್ರ ಕೇಳಿಸ್ತಿತ್ತು. "ಹೂಂ ಅಮ್ಮ... ತೆಗೆದದ್ದು ಎಲ್ಲೋ ಇಟ್ಟಿರ್ತಾರಲ್ಲ... ಎಲ್ಲೂ ಇಲ್ವಾ... ಇಲ್ಲಮ್ಮ, ನೀನ್ಯಾಕೆ ಅಳ್ತೀಯ, ನಾನೇ ತಾನೇ ತೆಗಿ ಅಂದಿದ್ದು."

ಆಮೇಲೆ ಏಣಿ ಎಳೆದ ಸದ್ದು. ಅಟ್ಟದ ಹಲಗೆ ಕಿರುಗುಟ್ಟಿತು.

ಕುರ್ಚಿಯಮ್ಮ ಹೊರಗೆ ಬಂದಾಗ ಅಂಗಡಿ ಬಾಗಿಲು ಅರ್ಧ ಎಳೆದಿತ್ತು. ಅರ್ಧ ಹೆಣೆದ ಆ ಕುರ್ಚಿ ನಡುವೆ ಇತ್ತು, ಧೂಳು ಒರೆಸಿಕೊಂಡು. ಹಳೇ ಎಳೆ ಒಣಗಿ ಕಡ್ಡಿಯಾಗಿತ್ತು. ಅವನು ಹೊಸ ಬೆತ್ತ ನೀರಲ್ಲಿ ನೆನೆಹಾಕಿ, ಪಕ್ಕದಲ್ಲಿ ಕೂತಿದ್ದ. ಅವಳೂ ಕೂತ್ಲು. ಬೆತ್ತ ಮೆದುವಾಗೋ ತನಕ ಇಬ್ಬರೂ ಆ ನೀರನ್ನೇ ನೋಡಿದ್ರು.

"ನಿನ್ನ ಮಂಡಿ ನೋವು?" ಅಂದ.

"ನನ್ನ ಮಂಡಿ ನನ್ನ ಹತ್ರಾನೇ ಇದೆ. ನೀವು ಮೇಲೆ ಕೂರಿ."

ಉಸ್ ಅಂತ ನೆಲಕ್ಕೆ ಕೈಯೂರಿ, ಒಂದೊಂದೇ ಕಾಲು ಮಡಚಿಕೊಂಡು, ಅವಳು ಕುರ್ಚಿ ಕೆಳಗೆ ತೂರಿಕೊಂಡ್ಲು. ಅಲ್ಲಿಂದ ಅವಳಿಗೆ ಅವನ ಎರಡು ಪಾದ ಕಾಣ್ತಿತ್ತು. ಮೇಲಿನ ತೂತಿಂದ ಒದ್ದೆ ಎಳೆ ಇಳಿದು ಬಂತು. ಬೆರಳಲ್ಲಿ ಸವರಿ, ತಿರುಚಿದ್ದನ್ನ ಬಿಡಿಸಿ, ಪಕ್ಕದ ತೂತಿಗೆ ಪೋಣಿಸಿ ಮೇಲಕ್ಕೆ ಕೊಟ್ಲು. ಅವನು ತುದಿ ಹಿಡಿದ. ಎಳೀಲಿಲ್ಲ. ಹಿಡ್ಕೊಂಡು ಕಾದ.

ಎಳೆ ತುದಿಯಿಂದ ಒಂದು ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಇನ್ನೊಂದು ಬಿತ್ತು.

"ಎಳೀರಿ" ಅಂದ್ಲು.